ಅರ್ಧ ಓಟದಲ್ಲೇ ಪೂರ್ತಿ ಓಟದ ಲೆಕ್ಕ

ಅಮೆರಿಕದ ಡ್ರ್ಯಾಗ್ ಸ್ಟ್ರಿಪ್‌ಗಳಲ್ಲಿ, ಅಂದರೆ ಕಾರುಗಳ ನೇರ ಓಟದ ಪಟ್ಟಿಗಳಲ್ಲಿ, ಓಟ ಮುಗಿಸಿದ ಚಾಲಕರು ಮೊದಲು ಹುಡುಕುವುದು ಒಂದು ಪುಟ್ಟ ಚೀಟಿಯನ್ನು. ಹಸಿರು ದೀಪ ಬಿದ್ದ ಮೇಲೆ ಕಾರು ಹೊರಡಲು ಹಿಡಿದ ಹೊತ್ತು ಅದರಲ್ಲಿರುತ್ತದೆ. ಅದರ ಕೆಳಗೆ 60, 330, 660, 1000, 1320 ಅಡಿಗಳನ್ನು ದಾಟಿದ ಸಮಯಗಳು. 660 ಅಡಿ ಎಂದರೆ 201 ಮೀಟರ್; 1320 ಅಡಿ ಎಂದರೆ ಕಾಲು ಮೈಲಿ, 402 ಮೀಟರ್. ಈ ಎರಡು ಕಡೆ ವೇಗವೂ ದಾಖಲಾಗಿರುತ್ತದೆ.

ಆದರೆ ಎಲ್ಲ ಊರಿನ ಚೀಟಿಯೂ ಇಷ್ಟುದ್ದ ಇರುವುದಿಲ್ಲ. ದಕ್ಷಿಣದ ರಾಜ್ಯಗಳ ಎಷ್ಟೋ ಓಟದ ಪಟ್ಟಿಗಳು 201 ಮೀಟರಿಗೇ ಮುಗಿಯುತ್ತವೆ. ಓಟಕ್ಕೆ ಬೇಕಾದ ಜಾಗಕ್ಕಿಂತ, ಓಡಿದ ಕಾರು ನಿಲ್ಲಲು ಬೇಕಾದ ಜಾಗವೇ ದುಬಾರಿ. ಅಲ್ಲಿ ಓಡಿಸಿದವರನ್ನೂ ಜನ ಕೇಳುವುದು ಮಾತ್ರ ಕಾಲು ಮೈಲಿಯ ಸಮಯವನ್ನೇ. ಆಗ ಗುಣಾಕಾರ ಶುರು: ಅರ್ಧ ಓಟದ ಸಮಯಕ್ಕೆ 1.55ರಿಂದ 1.58, ವೇಗಕ್ಕೆ ಸುಮಾರು 1.26.

ಇದು ಬರೀ ಕಟ್ಟೆಪುರಾಣವಲ್ಲ. 1951ರಲ್ಲಿ ವಾಲಿ ಪಾರ್ಕ್ಸ್ ಸ್ಥಾಪಿಸಿದ, ಡ್ರ್ಯಾಗ್ ರೇಸ್ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯ ನಿಯಮಪುಸ್ತಕದಲ್ಲೂ ಇದೇ ಲೆಕ್ಕ ಅಡಗಿದೆ. ಕಾಲು ಮೈಲಿಯನ್ನು 11.49 ಸೆಕೆಂಡಿನೊಳಗೆ ಮುಗಿಸುವ ಕಾರಿಗೆ ಅದು ರೋಲ್ ಬಾರ್ (ಕಾರು ಮಗುಚಿದರೆ ಚಾಲಕರನ್ನು ಕಾಯುವ ಕಂಬಿ) ಕಡ್ಡಾಯ ಮಾಡಿತು; ಅರ್ಧ ಓಟದಲ್ಲಿ ಅದಕ್ಕೆ ಸಮನಾಗಿ ಕೊಟ್ಟ ಅಂಕಿ 7.35. ಭಾಗಿಸಿದರೆ 1.563. ಹೊಸ ಮಾದರಿಗಳಿಗೆ ವಿನಾಯಿತಿಗಳಿವೆ, ಅದು ಬೇರೆ ಮಾತು.

ಈ ಸಂಖ್ಯೆ ಎಲ್ಲಿಂದ ಬಂತು? ಎಂಜಿನ್ ಓಟದುದ್ದಕ್ಕೂ ಒಂದೇ ಶಕ್ತಿ ಕೊಡುತ್ತದೆ, ಗಾಳಿ ತಡೆಯುವುದಿಲ್ಲ, ಟೈರು ಜಾರುವುದಿಲ್ಲ ಎಂದುಕೊಂಡರೆ ದೂರ ಇಮ್ಮಡಿಯಾದಾಗ ಸಮಯ 1.587 ಪಟ್ಟು, ವೇಗ 1.26 ಪಟ್ಟು ಆಗಬೇಕು. 1973ರಲ್ಲಿ ಜಿ.ಟಿ. ಫಾಕ್ಸ್ 'ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಡ್ರ್ಯಾಗ್ ರೇಸಿನ ಭೌತಶಾಸ್ತ್ರ ಬರೆದದ್ದೂ ಸ್ಥಿರಶಕ್ತಿಯ ಈ ಚಿತ್ರವನ್ನೇ ಇಟ್ಟುಕೊಂಡು. ನಿಜದ ಕಾರು ಹೊರಡುವಾಗ ಟೈರು ಹಿಡಿತ ಸಿಗದೆ ಒದ್ದಾಡುತ್ತದೆ, ಮೊದಲರ್ಧ ಹೆಚ್ಚು ಹೊತ್ತು ತಿನ್ನುತ್ತದೆ. ಹಾಗಾಗಿ ಗುಣಕ ತುಸು ತಗ್ಗುತ್ತದೆ.

ಎಡವಟ್ಟಾಗುವುದೂ ಇಲ್ಲೇ. ಎರಡು ಕಾರುಗಳು ಅರ್ಧ ಓಟವನ್ನು ಸರಿಯಾಗಿ 8 ಸೆಕೆಂಡಿಗೆ ಮುಗಿಸಿದವು ಎನ್ನಿ. ಒಂದಕ್ಕೆ ಬಲ ಜಾಸ್ತಿ, ಆದರೆ ಹೊರಡುವಾಗ ಟೈರು ಸುತ್ತಿ ಹೊಗೆಯೆಬ್ಬಿಸಿತು. 201 ಮೀಟರ್ ದಾಟುವಾಗ ಅದರ ವೇಗ ಗಂಟೆಗೆ 148 ಕಿ.ಮೀ. ಇನ್ನೊಂದು ನೆಲ ಕಚ್ಚಿಕೊಂಡು ಹೊರಟಿತು. ವೇಗ 135 ಮಾತ್ರ. 1.563ರಿಂದ ಗುಣಿಸಿದರೆ ಎರಡಕ್ಕೂ 12.50. ವೇಗ ಹಿಡಿದು ಲೆಕ್ಕ ಹಾಕಿ: ವೇಗ ಏರುತ್ತಲೇ ಇರುವುದರಿಂದ ಎರಡನೇ ಅರ್ಧದಲ್ಲಿ ಮೊದಲನೆಯದರ ಸರಾಸರಿ 169ರ ಹತ್ತಿರ, ಎರಡನೆಯದರದು 154. ಉಳಿದ 201 ಮೀಟರಿಗೆ ಒಂದಕ್ಕೆ 4.29 ಸೆಕೆಂಡು, ಮತ್ತೊಂದಕ್ಕೆ 4.71. ಅಂದರೆ 12.29 ಮತ್ತು 12.71. ಡ್ರ್ಯಾಗ್ ರೇಸಿನಲ್ಲಿ ಇದು ಹಲವು ಕಾರುಗಳುದ್ದದ ಅಂತರ! ಸಮಯ ಹೇಳುವುದು ಹೊರಟ ಬಗೆಯನ್ನೂ ಸೇರಿಸಿ; ಎಂಜಿನ್‌ನ ತಾಕತ್ತನ್ನು ಹೆಚ್ಚು ನಿಯತ್ತಾಗಿ ಹೇಳುವುದು ವೇಗ. ಗುಣಕವೊಂದನ್ನೇ ನಂಬಿ ಜಂಬ ಕೊಚ್ಚುವವರು ಚೀಟಿಯ ಅರ್ಧವನ್ನು ಓದಿದ್ದಾರಷ್ಟೆ.

ಬ್ಯಾಟರಿ ಕಾರುಗಳು ಬಂದ ಮೇಲೆ ತಕರಾರು ಇನ್ನೂ ಹೆಚ್ಚಿತು. ನಿಂತಲ್ಲಿಂದ ಚಿಮ್ಮುವುದರಲ್ಲಿ ಅವು ನಿಸ್ಸೀಮ. ಆದರೆ ಹಲವು ಮಾದರಿಗಳಲ್ಲಿ ವೇಗ ಏರುತ್ತಿದ್ದಂತೆ ಮೋಟಾರಿನ ಬಲ ಇಳಿಯುತ್ತದೆ, ಎರಡನೇ ಅರ್ಧ ಗುಣಕದ ಅಂದಾಜಿಗಿಂತ ನಿಧಾನವಾಗುತ್ತದೆ.

ಇನ್ನು ಅತಿ ವೇಗದ ಟಾಪ್ ಫ್ಯುಯೆಲ್ ಮತ್ತು ಫನ್ನಿ ಕಾರ್ ವರ್ಗಗಳ ಕಾರುಗಳು ಈಗ ಕಾಲು ಮೈಲಿ ಓಡುವುದೇ ಇಲ್ಲ. 2008ರ ಜೂನ್ 21ರಂದು ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಸ್ಕಾಟ್ ಕಲಿಟಾ ಓಡಿಸುತ್ತಿದ್ದ ಫನ್ನಿ ಕಾರಿನ ಎಂಜಿನ್ ಸ್ಫೋಟಿಸಿತು. ಪಟ್ಟಿಯ ಕೊನೆಯಲ್ಲೂ ಕಾರು ನಿಲ್ಲದೆ ಅವರು ಸಾವಿಗೀಡಾದರು. ಕೆಲವೇ ವಾರಗಳಲ್ಲಿ ಈ ಎರಡೂ ವರ್ಗಗಳ ಓಟವನ್ನು 1000 ಅಡಿಗೆ ಇಳಿಸಲಾಯಿತು. ಕಾಲು ಮೈಲಿಯಲ್ಲಿ ಟೋನಿ ಶುಮಾಕರ್ 2006ರಲ್ಲಿ ಮಾಡಿದ 4.428 ಸೆಕೆಂಡಿನ ದಾಖಲೆ ಹಾಗೆಯೇ ಉಳಿದಿದೆ. ಇಂದಿನವರು 1000 ಅಡಿಯನ್ನು 3.65 ಸೆಕೆಂಡಿನ ಆಸುಪಾಸಿನಲ್ಲಿ, ಗಂಟೆಗೆ 530 ಕಿ.ಮೀ. ವೇಗದಲ್ಲಿ ದಾಟುತ್ತಾರೆ. ಅದೇ ವೇಗದಲ್ಲಿ ಉಳಿದ 320 ಅಡಿಗೆ ಬೇಕಾದದ್ದು ಮುಕ್ಕಾಲು ಸೆಕೆಂಡಿಗಿಂತ ಕಡಿಮೆ, ಒಟ್ಟು 4.3. ಕಾಗದದ ಮೇಲೆ ಹಳೆಯ ದಾಖಲೆ ಮುರಿದಂತೆಯೇ, ಆ ಕೊನೆಯ 98 ಮೀಟರ್ ಎಂಜಿನ್ ತಾಳಿಕೊಂಡರೆ.