ಸಣ್ಣ ಮಳಿಗೆಗಳ ಇ-ವಾಣಿಜ್ಯ ತಂತ್ರಾಂಶ

ಸಣ್ಣ ಮಳಿಗೆಗಳ ಇ-ವಾಣಿಜ್ಯ ತಂತ್ರಾಂಶ ಎಂದರೆ ಒಬ್ಬ ವ್ಯಾಪಾರಿ, ಕುಶಲಕರ್ಮಿ ಅಥವಾ ಚಿಕ್ಕ ಸಂಸ್ಥೆಯು ತನ್ನ ಸರಕನ್ನು ಸ್ವಂತ ಜಾಲತಾಣದ ಮೂಲಕ ಮಾರಲು ಬಳಸುವ ತಂತ್ರಾಂಶ. ಸರಕುಗಳ ಪಟ್ಟಿಯನ್ನು ಪ್ರದರ್ಶಿಸುವುದು, ಗ್ರಾಹಕರಿಂದ ಆರ್ಡರ್ ಸ್ವೀಕರಿಸುವುದು, ಹಣ ಪಾವತಿಯನ್ನು ದೃಢಪಡಿಸಿಕೊಳ್ಳುವುದು, ದಾಸ್ತಾನಿನ ಲೆಕ್ಕವಿಡುವುದು, ಬಿಲ್ಲು ತಯಾರಿಸುವುದು ಮತ್ತು ಸಾಗಣೆಯ ವಿವರಗಳನ್ನು ದಾಖಲಿಸುವುದು ಇದರ ಮುಖ್ಯ ಕಾರ್ಯಗಳು. ವೂಕಾಮರ್ಸ್, ಶಾಪಿಫೈ, ಪ್ರೆಸ್ಟಾಶಾಪ್, ಓಪನ್‌ಕಾರ್ಟ್, ಮೆಜೆಂಟೊ ಇತ್ಯಾದಿಗಳು ಈ ವರ್ಗದಲ್ಲಿ ಪ್ರಸಿದ್ಧವಾದವು. ತಂತ್ರಾಂಶದ ಆಯ್ಕೆಯು ಮೇಲ್ನೋಟಕ್ಕೆ ತಾಂತ್ರಿಕ ವಿಷಯವೆಂದು ತೋರಿದರೂ, ವ್ಯಾಪಾರದ ಖರ್ಚು, ಗ್ರಾಹಕರ ವಿವರಗಳ ಒಡೆತನ ಮತ್ತು ಮಳಿಗೆಯ ಮುಂದಿನ ಅಸ್ತಿತ್ವ ಇವು ಮೂರೂ ಅದನ್ನು ಅವಲಂಬಿಸಿವೆ.

ಕಾರ್ಯವಿಧಾನ

ಇ-ವಾಣಿಜ್ಯ ತಂತ್ರಾಂಶದ ಹಿಂಬದಿಯಲ್ಲಿ ಒಂದು ದತ್ತಸಂಚಯವಿರುತ್ತದೆ. ಸರಕುಗಳು, ಗ್ರಾಹಕರು, ಆರ್ಡರ್‌ಗಳು ಮತ್ತು ದಾಸ್ತಾನಿನ ಸಂಖ್ಯೆಗಳು ಅದರಲ್ಲಿ ಪ್ರತ್ಯೇಕ ಕೋಷ್ಟಕಗಳಾಗಿ ಇರುತ್ತವೆ. ಗ್ರಾಹಕನು ಒಂದು ವಸ್ತುವನ್ನು ಕಾರ್ಟಿಗೆ ಸೇರಿಸಿ ವಿಳಾಸ ನೀಡಿದಾಗ, ತಂತ್ರಾಂಶವು ತೆರಿಗೆ ಮತ್ತು ಸಾಗಣೆ ವೆಚ್ಚವನ್ನು ಕೂಡಿಸಿ ಒಟ್ಟು ಮೊತ್ತವನ್ನು ತೋರಿಸುತ್ತದೆ. ಹಣ ಪಡೆಯುವ ಕೆಲಸವನ್ನು ಸಾಮಾನ್ಯವಾಗಿ ತಂತ್ರಾಂಶವೇ ಮಾಡುವುದಿಲ್ಲ. ಅದು ಗ್ರಾಹಕನನ್ನು ಪೇಮೆಂಟ್ ಗೇಟ್‌ವೇಗೆ ಕಳುಹಿಸುತ್ತದೆ.

ಹಣ ಸಂದಾಯವಾದ ಸುದ್ದಿಯು ಮಳಿಗೆಗೆ ಎರಡು ದಾರಿಗಳಲ್ಲಿ ತಲುಪಬಹುದು. ಗ್ರಾಹಕನ ಬ್ರೌಸರ್ ಮಳಿಗೆಯ ಪುಟಕ್ಕೆ ಮರಳುವುದು ಮೊದಲನೆಯದು. ಗೇಟ್‌ವೇಯ ಸರ್ವರ್ ನೇರವಾಗಿ ಮಳಿಗೆಯ ಸರ್ವರಿಗೆ ಸಂದೇಶ ಕಳುಹಿಸುವುದು ಎರಡನೆಯದು. ಇದನ್ನು ವೆಬ್‌ಹುಕ್ ಎನ್ನುತ್ತಾರೆ. ಹಣ ಕಟ್ಟಿದ ಕ್ಷಣದಲ್ಲೇ ಗ್ರಾಹಕನ ಮೊಬೈಲ್ ಸಂಪರ್ಕ ಕಡಿದುಹೋದರೆ ಮೊದಲ ದಾರಿ ಮುಚ್ಚಿಹೋಗುತ್ತದೆ. ಆಗ ಎರಡನೆಯ ದಾರಿಯ ವ್ಯವಸ್ಥೆ ಇಲ್ಲದಿದ್ದರೆ ಗ್ರಾಹಕನ ಖಾತೆಯಿಂದ ಹಣ ಹೋಗಿರುತ್ತದೆ, ಮಳಿಗೆಯಲ್ಲಿ ಆರ್ಡರ್ ದಾಖಲಾಗಿರುವುದಿಲ್ಲ. ಆದ್ದರಿಂದ ವೆಬ್‌ಹುಕ್ ಸರಿಯಾಗಿ ಕೆಲಸ ಮಾಡುವುದು ಸಣ್ಣ ಮಳಿಗೆಗೂ ಅತ್ಯಗತ್ಯ.

ಇತಿಹಾಸ

ಜಾಲತಾಣದ ಮೂಲಕ ಮಳಿಗೆ ಕಟ್ಟಿಕೊಡುವ ಸೇವೆಗಳಲ್ಲಿ ಆರಂಭದ ಹೆಸರು ವಯಾವೆಬ್. ಇದನ್ನು ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ 1995ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದರು. 1998ರಲ್ಲಿ ಯಾಹೂ ಸಂಸ್ಥೆಯು ಇದನ್ನು ಕೊಂಡು ಯಾಹೂ ಸ್ಟೋರ್ ಎಂಬ ಹೆಸರಿನಲ್ಲಿ ಮುಂದುವರಿಸಿತು. 2000ದಲ್ಲಿ ಜರ್ಮನಿಯಲ್ಲಿ ಆರಂಭವಾದ ಓಎಸ್‌ಕಾಮರ್ಸ್, ಮಳಿಗೆಯ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು ಬದಲಾಯಿಸಿಕೊಳ್ಳಬಹುದಾದ ಮುಕ್ತ ಪರವಾನಗಿಯಡಿ ನೀಡಿತು. ಝೆನ್ ಕಾರ್ಟ್ ಇದರಿಂದಲೇ ಕವಲೊಡೆದ ತಂತ್ರಾಂಶ.

ಶಾಪಿಫೈ 2006ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಆರಂಭವಾಯಿತು. ಅದರ ಸ್ಥಾಪಕರು ಮೊದಲು ಹಿಮಹಲಗೆಗಳನ್ನು ಮಾರುವ ಆನ್‌ಲೈನ್ ಅಂಗಡಿಯನ್ನು ತೆರೆದಿದ್ದರು. ಆಗ ದೊರೆಯುತ್ತಿದ್ದ ತಂತ್ರಾಂಶಗಳು ಹಿಡಿಸದೆ ತಮಗಾಗಿ ಬರೆದುಕೊಂಡ ತಂತ್ರಾಂಶವೇ ಮುಂದೆ ಅವರ ಮುಖ್ಯ ವ್ಯಾಪಾರವಾಯಿತು. 2008ರಲ್ಲಿ ಮೆಜೆಂಟೊದ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. 2011ರ ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್‌ಗೆ ಜೋಡಿಸಬಹುದಾದ ವೂಕಾಮರ್ಸ್ ಬಿಡುಗಡೆಯಾಯಿತು. 2015ರಲ್ಲಿ ಆಟೊಮ್ಯಾಟಿಕ್ ಸಂಸ್ಥೆಯು ಅದನ್ನು ವಶಪಡಿಸಿಕೊಂಡಿತು.

ವಿಧಗಳು

ಬಾಡಿಗೆ ಸೇವೆಗಳು. ಇಲ್ಲಿ ತಂತ್ರಾಂಶವೂ ಸರ್ವರೂ ಸೇವಾಸಂಸ್ಥೆಯ ವಶದಲ್ಲಿರುತ್ತವೆ. ವ್ಯಾಪಾರಿಯು ತಿಂಗಳ ಅಥವಾ ವರ್ಷದ ಶುಲ್ಕ ಕೊಟ್ಟು ಬಳಸುತ್ತಾನೆ. ಶಾಪಿಫೈ, ಬಿಗ್‌ಕಾಮರ್ಸ್ ಮತ್ತು ಭಾರತದ ದುಕಾನ್ ಈ ವರ್ಗಕ್ಕೆ ಸೇರುತ್ತವೆ. ನವೀಕರಣ, ಭದ್ರತೆ ಮತ್ತು ಬ್ಯಾಕಪ್‌ನ ಹೊಣೆ ಸಂಸ್ಥೆಯದು. ತಾಂತ್ರಿಕ ನೆರವಿಲ್ಲದ ವ್ಯಾಪಾರಿಗೆ ಇದು ಸುಲಭ. ಆದರೆ ಶುಲ್ಕ ನಿಂತರೆ ಮಳಿಗೆಯೂ ನಿಲ್ಲುತ್ತದೆ.

ಸ್ವಂತ ಸರ್ವರಿನ ತಂತ್ರಾಂಶಗಳು. ವೂಕಾಮರ್ಸ್, ಪ್ರೆಸ್ಟಾಶಾಪ್, ಓಪನ್‌ಕಾರ್ಟ್ ಮತ್ತು ಮೆಜೆಂಟೊದ ಮುಕ್ತ ಆವೃತ್ತಿ ಈ ವರ್ಗದವು. ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ; ಆದರೆ ಸರ್ವರ್ ಬಾಡಿಗೆ, ಡೊಮೈನ್ ಹೆಸರು, ಹೆಚ್ಚುವರಿ ಪ್ಲಗಿನ್‌ಗಳು ಮತ್ತು ನಿರ್ವಹಣೆಯ ಖರ್ಚು ವ್ಯಾಪಾರಿಯ ಪಾಲಿನದು. ಮೆಜೆಂಟೊ ದೊಡ್ಡ ಮಳಿಗೆಗಳಿಗೆ ತಕ್ಕ ಸಾಮರ್ಥ್ಯ ಹೊಂದಿದ್ದು, ನಡೆಸಲು ಪರಿಣತರ ನೆರವು ಬೇಕಾಗುತ್ತದೆ. ಐವತ್ತು ಅಥವಾ ನೂರು ಸರಕುಗಳ ಅಂಗಡಿಗೆ ಅದು ಸಾಮಾನ್ಯವಾಗಿ ಅಗತ್ಯಕ್ಕಿಂತ ಭಾರವಾದದ್ದು.

ಮಾರುಕಟ್ಟೆ ತಾಣಗಳು. ಅಮೆಜಾನ್, ಫ್ಲಿಪ್‌ಕಾರ್ಟ್ ಮೊದಲಾದ ತಾಣಗಳಲ್ಲಿ ವ್ಯಾಪಾರಿಗೆ ಸ್ವಂತ ಜಾಲತಾಣವೇ ಬೇಕಿಲ್ಲ. ಗ್ರಾಹಕರು ಬೇಗ ಸಿಗುತ್ತಾರೆ. ಪ್ರತಿಯಾಗಿ ಕಮಿಷನ್ ಕೊಡಬೇಕು, ಗ್ರಾಹಕನೊಡನೆ ನೇರ ಸಂಬಂಧ ಬೆಳೆಯುವುದಿಲ್ಲ. ಸಂತೆಯಲ್ಲಿ ಜಾಗ ಹಿಡಿಯುವುದಕ್ಕೂ ಸ್ವಂತ ಅಂಗಡಿ ತೆರೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಅನೇಕ ಸಣ್ಣ ವ್ಯಾಪಾರಿಗಳು ಎರಡನ್ನೂ ಜೊತೆಯಾಗಿ ನಡೆಸುತ್ತಾರೆ.

ಮುಕ್ತ ಜಾಲ. ಭಾರತದ ಓಎನ್‌ಡಿಸಿ ಯೋಜನೆಯು ಬೇರೆ ಬೇರೆ ಆ್ಯಪ್‌ಗಳ ಮಾರಾಟಗಾರರು ಮತ್ತು ಕೊಳ್ಳುವವರು ಒಂದೇ ತಾಂತ್ರಿಕ ನಿಯಮಾವಳಿಯಡಿ ವ್ಯವಹರಿಸಲು ಅವಕಾಶ ನೀಡುತ್ತದೆ. ಇದರ ಸಾರ್ವಜನಿಕ ಪರೀಕ್ಷಾರ್ಥ ಬಳಕೆಯು 2022ರ ಸೆಪ್ಟೆಂಬರ್ ಅಂತ್ಯದಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

ಆಯ್ಕೆಯ ಮಾನದಂಡಗಳು

ಸರಕಿನ ಸ್ವರೂಪ

ಯಾವ ತಂತ್ರಾಂಶ ಉತ್ತಮ ಎಂಬ ಪ್ರಶ್ನೆಗಿಂತ ಮೊದಲು ಮಾರುವ ವಸ್ತು ಎಂಥದ್ದು ಎಂಬುದು ಸ್ಪಷ್ಟವಾಗಬೇಕು. ಚನ್ನಪಟ್ಟಣದ ಮರದ ಆಟಿಕೆಯಂತಹ ವಸ್ತುವಿನಲ್ಲಿ ಒಂದೇ ಮಾದರಿಯ ಅನೇಕ ಪ್ರತಿಗಳಿರುತ್ತವೆ; ಬಣ್ಣ ಮತ್ತು ಗಾತ್ರದ ಪ್ರಭೇದಗಳನ್ನು ಒಂದೇ ಪುಟದಲ್ಲಿ ತೋರಿಸುವ ಸೌಲಭ್ಯ ಬೇಕು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಂದು ಬಣ್ಣ ಮತ್ತು ಅಂಚಿನ ಜೋಡಣೆಯದು ಒಂದೇ ಸೀರೆ ಇರಬಹುದು. ಅದೇ ಸೀರೆಯು ಅಂಗಡಿಯ ಕಪಾಟಿನಲ್ಲೂ ಇದ್ದು, ಅಲ್ಲಿ ಮಾರಾಟವಾದ ಕೂಡಲೇ ಜಾಲತಾಣದ ಲೆಕ್ಕ ತಿದ್ದದಿದ್ದರೆ ಒಂದೇ ಸೀರೆ ಇಬ್ಬರಿಗೆ ಮಾರಾಟವಾಗುತ್ತದೆ. ಇಂತಹ ವ್ಯಾಪಾರಕ್ಕೆ ಅಂಗಡಿಯ ಬಿಲ್ಲಿಂಗ್ ಮತ್ತು ಜಾಲತಾಣ ಒಂದೇ ದಾಸ್ತಾನನ್ನು ಹಂಚಿಕೊಳ್ಳುವುದು ಮುಖ್ಯ. ಉಪ್ಪಿನಕಾಯಿ, ಚಟ್ನಿಪುಡಿಯಂತಹ ಆಹಾರಪದಾರ್ಥಗಳಿಗೆ ತೂಕಕ್ಕನುಗುಣವಾದ ಸಾಗಣೆ ದರ ಮತ್ತು ತಯಾರಿಕೆಯ ತಂಡವಾರು ದಾಖಲೆ ಬೇಕಾಗುತ್ತದೆ.

ಒಟ್ಟು ವೆಚ್ಚ

ತಂತ್ರಾಂಶದ ಬೆಲೆಯೊಂದನ್ನೇ ಹೋಲಿಸುವುದು ತಪ್ಪು ದಾರಿಗೆಳೆಯುತ್ತದೆ. ಸ್ಥಿರ ವೆಚ್ಚ, ಪ್ರತಿ ಆರ್ಡರಿನ ವೆಚ್ಚ ಮತ್ತು ನಿರ್ವಹಣೆಯ ವೆಚ್ಚ ಮೂರನ್ನೂ ಒಂದು ವರ್ಷದ ಅವಧಿಗೆ ಲೆಕ್ಕ ಹಾಕಬೇಕು. ಉದಾಹರಣೆಗೆ, ಪೇಮೆಂಟ್ ಗೇಟ್‌ವೇ ಶೇ. 2ರಷ್ಟು ಶುಲ್ಕ ವಿಧಿಸುತ್ತದೆ ಎಂದಿಟ್ಟುಕೊಂಡರೆ, 1,000 ರೂಪಾಯಿಯ ಆರ್ಡರಿಗೆ 20 ರೂಪಾಯಿ ಶುಲ್ಕ ಮತ್ತು ಅದರ ಮೇಲೆ ಶೇ. 18ರ ಜಿಎಸ್‌ಟಿ 3 ರೂಪಾಯಿ 60 ಪೈಸೆ ಸೇರಿ 23 ರೂಪಾಯಿ 60 ಪೈಸೆ ಕಳೆಯುತ್ತದೆ. ಲಾಭಾಂಶ 100 ರೂಪಾಯಿಯಾಗಿದ್ದರೆ ಅದರಲ್ಲಿ ಸುಮಾರು ಕಾಲುಭಾಗ ಇಲ್ಲಿಯೇ ಹೋದಂತಾಯಿತು. ಕೆಲವು ಬಾಡಿಗೆ ಸೇವೆಗಳು ತಮ್ಮದೇ ಪಾವತಿ ವ್ಯವಸ್ಥೆಯನ್ನು ಬಳಸದ ಮಳಿಗೆಗಳಿಂದ ಪ್ರತಿ ವಹಿವಾಟಿಗೆ ಹೆಚ್ಚುವರಿ ಶುಲ್ಕ ಪಡೆಯುತ್ತವೆ. ವಿದೇಶಿ ಕರೆನ್ಸಿಯಲ್ಲಿ ನಿಗದಿಯಾದ ಶುಲ್ಕವು ವಿನಿಮಯ ದರದೊಂದಿಗೆ ಏರಿಳಿಯುತ್ತದೆ ಎಂಬುದನ್ನೂ ಗಮನಿಸಬೇಕು.

ಪಾವತಿ

ಭಾರತದಲ್ಲಿ 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯು ಸಣ್ಣ ಮೊತ್ತದ ಪಾವತಿಗಳ ಪ್ರಧಾನ ಮಾರ್ಗವಾಗಿದೆ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗಳಿಗೆ ವ್ಯಾಪಾರಿಯಿಂದ ಎಂಡಿಆರ್ ಶುಲ್ಕ ಪಡೆಯುವಂತಿಲ್ಲ. ಆದರೂ ಗೇಟ್‌ವೇ ಸಂಸ್ಥೆಗಳು ತಮ್ಮ ತಾಂತ್ರಿಕ ಸೇವೆಗೆ ಬೇರೆಯಾಗಿ ಶುಲ್ಕ ವಿಧಿಸಬಹುದು. ಒಪ್ಪಂದಕ್ಕೆ ಮುಂಚೆ ಇದನ್ನು ಕೇಳಿ ತಿಳಿಯಬೇಕು. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ; ಅದರ ಬದಲು ಟೋಕನ್ ಬಳಕೆಯಾಗುತ್ತದೆ. ಹಳೆಯ ಅಥವಾ ವಿದೇಶಕ್ಕೆಂದೇ ರೂಪಿಸಿದ ಪ್ಲಗಿನ್‌ಗಳು ಈ ನಿಯಮಕ್ಕೆ ಹೊಂದುತ್ತವೆಯೇ ಎಂದು ಪರಿಶೀಲಿಸಬೇಕಾಗುತ್ತದೆ.

ಸಾಗಣೆ

ಸರಕು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯು ಭಾರತದಲ್ಲಿ ಇಂದಿಗೂ ಬಳಕೆಯಲ್ಲಿದೆ. ಗ್ರಾಹಕನು ಸರಕನ್ನು ನಿರಾಕರಿಸಿದರೆ ಹೋಗುವ ಮತ್ತು ಮರಳುವ ಎರಡೂ ಸಾಗಣೆಯ ಖರ್ಚು ವ್ಯಾಪಾರಿಯ ಮೇಲೆ ಬೀಳುತ್ತದೆ. ಆದ್ದರಿಂದ ಆರು ಅಂಕಿಗಳ ಪಿನ್‌ಕೋಡಿಗೆ ಅನುಗುಣವಾಗಿ ಈ ಸೌಲಭ್ಯವನ್ನು ಕೊಡುವ ಅಥವಾ ತಡೆಯುವ, ಮೊತ್ತಕ್ಕೆ ಮಿತಿ ಹಾಕುವ ಮತ್ತು ಮೊಬೈಲ್ ಸಂಖ್ಯೆಯನ್ನು ದೃಢಪಡಿಸಿಕೊಳ್ಳುವ ಅವಕಾಶ ತಂತ್ರಾಂಶದಲ್ಲಿರಬೇಕು.

ಕನ್ನಡದ ಬಳಕೆ

ಕನ್ನಡದಲ್ಲಿ ಮಳಿಗೆ ನಡೆಸುವವರು ಪರೀಕ್ಷಿಸಬೇಕಾದ ಅಂಶಗಳು ಕೆಲವಿವೆ. ಯುಟಿಎಫ್-8 ಸಂಕೇತದಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್‌ಗಳು ಬೇಕು. ಜಾಲವಿಳಾಸದಲ್ಲಿ ಕನ್ನಡ ಪದ ಬಳಸಿದರೆ ಅದನ್ನು ನಕಲಿಸಿ ಹಂಚುವಾಗ ಪ್ರತಿ ಚಿಹ್ನೆಯೂ ಒಂಬತ್ತು ಅಕ್ಷರಗಳ ಸಂಕೇತವಾಗಿ ಉದ್ದವಾಗಬಹುದು. ಪರದೆಯಲ್ಲಿ ಸರಿಯಾಗಿ ಕಾಣುವ ಒತ್ತಕ್ಷರಗಳು ಪಿಡಿಎಫ್ ಬಿಲ್ಲಿನಲ್ಲಿ ಒಡೆದು ಕಾಣುವ ಸಂದರ್ಭಗಳುಂಟು. ಆಂಗ್ಲ ಅಕ್ಷರಗಳ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರಗಳ ಮಿತಿಯಿದ್ದರೆ ಕನ್ನಡದ್ದಕ್ಕೆ 70ರ ಮಿತಿ. ಉದ್ದ ಸಂದೇಶವು ಎರಡು ಮೂರಾಗಿ ಎಣಿಕೆಯಾಗಿ ಖರ್ಚು ಹೆಚ್ಚುತ್ತದೆ. ಕನ್ನಡಿಗ ಗ್ರಾಹಕರಲ್ಲಿಯೂ ರೋಮನ್ ಲಿಪಿಯಲ್ಲಿ ಹುಡುಕುವವರಿದ್ದಾರೆ. ಆದ್ದರಿಂದ ಸರಕಿನ ಹೆಸರನ್ನು ಎರಡೂ ಲಿಪಿಗಳಲ್ಲಿ ದಾಖಲಿಸುವುದು ಉಪಯುಕ್ತ.

ಭದ್ರತೆ

ಸ್ವಂತ ಸರ್ವರಿನ ಮಳಿಗೆಯಲ್ಲಿ ತಂತ್ರಾಂಶ, ಥೀಮ್ ಮತ್ತು ಪ್ಲಗಿನ್‌ಗಳನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ದಾಳಿಕೋರರಿಗೆ ಬಾಗಿಲು ತೆರೆದಂತೆ. ಪಾವತಿ ಪುಟಕ್ಕೆ ಗುಪ್ತ ಸಂಕೇತ ಸೇರಿಸಿ ಕಾರ್ಡ್ ವಿವರ ಕದಿಯುವ ದಾಳಿಗಳಿಗೆ ಮೇಜ್‌ಕಾರ್ಟ್ ಎಂಬ ಹೆಸರೇ ರೂಢಿಯಾಗಿದೆ. ಮೊದಲು ಮೆಜೆಂಟೊ ಮಳಿಗೆಗಳ ಮೇಲೆ ನಡೆದ ದಾಳಿಗಳಿಂದ ಈ ಹೆಸರು ಬಂದಿತು. ಮೆಜೆಂಟೊದ ಮೊದಲ ಸರಣಿಗೆ 2020ರ ಜೂನ್ 30ರಂದು ಅಧಿಕೃತ ಬೆಂಬಲ ಕೊನೆಗೊಂಡಿತು. ಎರಡನೆಯ ಸರಣಿಯ ರಚನೆ ಬೇರೆಯಾಗಿದ್ದುದರಿಂದ, ಅಂಥ ಮಳಿಗೆಗಳು ಕೇವಲ ನವೀಕರಣದಿಂದ ಪಾರಾಗುವಂತಿರಲಿಲ್ಲ. ಥೀಮ್ ಮತ್ತು ಪ್ಲಗಿನ್‌ಗಳನ್ನು ಹೊಸದಾಗಿ ಹೊಂದಿಸಬೇಕಾಯಿತು. ತಂತ್ರಾಂಶ ಉಚಿತವಾದರೂ ಅದರ ಪಾಲನೆ ಉಚಿತವಲ್ಲ ಎಂಬುದಕ್ಕೆ ಇದು ನಿದರ್ಶನ.

ದತ್ತಾಂಶದ ಒಡೆತನ ಮತ್ತು ನಿರ್ಗಮನ

ತಂತ್ರಾಂಶವನ್ನು ಸೇರುವ ಮೊದಲೇ ಅದರಿಂದ ಹೊರಬರುವ ದಾರಿಯನ್ನು ನೋಡಿಕೊಳ್ಳಬೇಕು. ಇಬೇ ಒಡೆತನದಲ್ಲಿದ್ದ ಮೆಜೆಂಟೊ ಗೋ ಎಂಬ ಬಾಡಿಗೆ ಸೇವೆಯು ಸಣ್ಣ ವ್ಯಾಪಾರಿಗಳಿಗೆಂದೇ ಆರಂಭವಾಗಿತ್ತು. ಅದನ್ನು 2015ರ ಫೆಬ್ರವರಿ 1ರಂದು ಮುಚ್ಚಲಾಯಿತು. ಅಲ್ಲಿದ್ದ ವ್ಯಾಪಾರಿಗಳು ಕೆಲವೇ ತಿಂಗಳುಗಳಲ್ಲಿ ಬೇರೆಡೆಗೆ ಹೋಗಬೇಕಾಯಿತು. ದೊಡ್ಡ ಸಂಸ್ಥೆಯ ಸೇವೆಯಾದ ಮಾತ್ರಕ್ಕೆ ಅದು ಶಾಶ್ವತವಲ್ಲ.

ಈ ಕಾರಣಕ್ಕಾಗಿ ಮೂರು ಎಚ್ಚರಿಕೆಗಳು ಅಗತ್ಯ. ಡೊಮೈನ್ ಹೆಸರು ಜಾಲತಾಣ ಕಟ್ಟಿಕೊಟ್ಟವರ ಹೆಸರಿನಲ್ಲಿರದೆ ವ್ಯಾಪಾರಿಯ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಸರಕು, ಗ್ರಾಹಕ ಮತ್ತು ಆರ್ಡರ್‌ಗಳ ಪಟ್ಟಿಯನ್ನು ಸಿಎಸ್‌ವಿಯಂತಹ ಸಾಮಾನ್ಯ ಕಡತವಾಗಿ ಇಳಿಸಿಕೊಳ್ಳಲು ಸಾಧ್ಯವಿರಬೇಕು. ಹಾಗೆ ಇಳಿಸಿದ ಪ್ರತಿಯನ್ನು ನಿಯತವಾಗಿ ಬೇರೆಡೆ ಕಾಪಾಡಬೇಕು. ಸಾಮಾನ್ಯವಾಗಿ ಗ್ರಾಹಕರ ಪಾಸ್‌ವರ್ಡ್‌ಗಳು ಮತ್ತು ಪುಟಗಳ ವಿನ್ಯಾಸ ಹೀಗೆ ಬರುವುದಿಲ್ಲ; ಡೊಮೈನ್ ಹೆಸರು ಮತ್ತು ಪಟ್ಟಿಗಳು ಕೈಯಲ್ಲಿದ್ದರೆ ಮಳಿಗೆಯನ್ನು ಮತ್ತೆ ಕಟ್ಟಬಹುದು.

ಭಾರತದ ಕಾನೂನು ಅಗತ್ಯಗಳು

ಜಿಎಸ್‌ಟಿ ವ್ಯವಸ್ಥೆಯಲ್ಲಿ ರಾಜ್ಯದೊಳಗಿನ ಮಾರಾಟಕ್ಕೆ ಕೇಂದ್ರ ಮತ್ತು ರಾಜ್ಯ ತೆರಿಗೆಗಳು ಸಮಪಾಲಾಗಿ, ಹೊರರಾಜ್ಯದ ಮಾರಾಟಕ್ಕೆ ಏಕೀಕೃತ ತೆರಿಗೆ ಅನ್ವಯಿಸುತ್ತದೆ. ಹುಬ್ಬಳ್ಳಿಯ ಮಳಿಗೆಯು ಮೈಸೂರಿಗೂ ಪುಣೆಗೂ ಒಂದೇ ವಸ್ತು ಕಳುಹಿಸಿದಾಗ ತೆರಿಗೆಯ ಮೊತ್ತ ಒಂದೇ ಆದರೂ ಬಿಲ್ಲಿನ ವಿಂಗಡಣೆ ಬೇರೆ. ಗ್ರಾಹಕನ ರಾಜ್ಯವನ್ನು ನೋಡಿ ತಂತ್ರಾಂಶವೇ ಇದನ್ನು ನಿರ್ಧರಿಸಬೇಕು. ತೆರಿಗೆಗೊಳಪಡುವ ಸರಕನ್ನು ಹೊರರಾಜ್ಯಕ್ಕೆ ಮಾರುವವರು ವಹಿವಾಟು ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಪಡೆಯಬೇಕಾಗುತ್ತದೆ. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಷರತ್ತುಬದ್ಧ ವಿನಾಯಿತಿ ಇದೆ.

ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಮಾರಾಟಗಾರರ ವಿಳಾಸ, ಹಿಂದಿರುಗಿಸುವಿಕೆ ಮತ್ತು ಮರುಪಾವತಿಯ ನಿಯಮಗಳು ಹಾಗೂ ದೂರು ಪರಿಹಾರಾಧಿಕಾರಿಯ ವಿವರವನ್ನು ಪ್ರಕಟಿಸಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪೊಟ್ಟಣದ ಸರಕುಗಳಿಗೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ಪ್ರಮಾಣ, ತಯಾರಕರ ಹೆಸರು ಮುಂತಾದವನ್ನು ಜಾಲತಾಣದಲ್ಲಿಯೂ ತೋರಿಸುವ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಆಹಾರ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಬೇಕು. ಸರಕಿನ ಪುಟದಲ್ಲಿ ಇವುಗಳಿಗೆ ಪ್ರತ್ಯೇಕ ಸ್ಥಳ ಒದಗಿಸಲು ಬಾರದ ತಂತ್ರಾಂಶವು ಭಾರತೀಯ ಮಳಿಗೆಗೆ ಹೊಂದುವುದಿಲ್ಲ.

ಪರೀಕ್ಷಿಸುವ ಕ್ರಮ

ಹೆಚ್ಚಿನ ಬಾಡಿಗೆ ಸೇವೆಗಳು ಪ್ರಾಯೋಗಿಕ ಅವಧಿಯನ್ನು ಕೊಡುತ್ತವೆ. ಮುಕ್ತ ತಂತ್ರಾಂಶಗಳನ್ನು ಸ್ವಂತ ಗಣಕದಲ್ಲಿ ಸ್ಥಾಪಿಸಿ ನೋಡಬಹುದು. ಅಂತಿಮ ನಿರ್ಧಾರಕ್ಕೆ ಮುಂಚೆ ಎರಡು ತಂತ್ರಾಂಶಗಳಲ್ಲಿ ಹತ್ತು ನೈಜ ಸರಕುಗಳನ್ನು ಸೇರಿಸಿ ಈ ಕೆಳಗಿನವುಗಳನ್ನು ಪರೀಕ್ಷಿಸುವುದು ಉತ್ತಮ:

1. ಸಾಧಾರಣ ಮೊಬೈಲ್‌ನಿಂದ ಆರಂಭದಿಂದ ಪಾವತಿಯವರೆಗೆ ಒಂದು ಆರ್ಡರ್ ಪೂರ್ಣಗೊಳಿಸುವುದು.
2. ಪಾವತಿಯ ನಡುವೆ ಸಂಪರ್ಕ ಕಡಿದು, ಆರ್ಡರ್ ಸರಿಯಾಗಿ ದಾಖಲಾಯಿತೇ ಎಂದು ನೋಡುವುದು.
3. ಒಂದೇ ಪ್ರತಿ ಇರುವ ವಸ್ತುವನ್ನು ಎರಡು ಮೊಬೈಲ್‌ಗಳಿಂದ ಏಕಕಾಲಕ್ಕೆ ಕೊಳ್ಳಲು ಯತ್ನಿಸುವುದು.
4. ಆರ್ಡರ್ ರದ್ದುಪಡಿಸಿ, ಹಣ ಮರುಪಾವತಿಯಾಗಿ ದಾಸ್ತಾನು ಮತ್ತೆ ಏರುತ್ತದೆಯೇ ಎಂದು ಗಮನಿಸುವುದು.
5. ರಾಜ್ಯದೊಳಗಿನ ಮತ್ತು ಹೊರಗಿನ ವಿಳಾಸಗಳಿಗೆ ಬಿಲ್ಲು ತೆಗೆದು ತೆರಿಗೆ ಹಾಗೂ ಕನ್ನಡ ಅಕ್ಷರಗಳನ್ನು ಪರಿಶೀಲಿಸುವುದು.
6. ಎಲ್ಲ ಪಟ್ಟಿಗಳನ್ನು ಕಡತವಾಗಿ ಇಳಿಸಿ, ಎರಡನೆಯ ತಂತ್ರಾಂಶಕ್ಕೆ ಏರಿಸುವುದು.

ಈ ಪರೀಕ್ಷೆಗಳನ್ನು ಮಳಿಗೆಯನ್ನು ದಿನನಿತ್ಯ ನಡೆಸುವ ವ್ಯಕ್ತಿಯೇ ಮಾಡಬೇಕು. ತಂತ್ರಾಂಶವನ್ನು ಅಳವಡಿಸುವವರು ಬಂದು ಹೋಗುತ್ತಾರೆ; ಬೆಲೆ ತಿದ್ದುವವರು, ಆರ್ಡರ್ ಕಟ್ಟಿ ಕಳುಹಿಸುವವರು ಮತ್ತು ಗ್ರಾಹಕರಿಗೆ ಉತ್ತರ ಕೊಡುವವರು ಅಂಗಡಿಯವರೇ. ಅವರು ಪರರ ನೆರವಿಲ್ಲದೆ ಈ ಕೆಲಸಗಳನ್ನು ಮಾಡಬಲ್ಲ ತಂತ್ರಾಂಶವು, ಸೌಲಭ್ಯಗಳ ಪಟ್ಟಿಯಲ್ಲಿ ತುಸು ಹಿಂದಿದ್ದರೂ, ಸಣ್ಣ ಮಳಿಗೆಗೆ ಹೆಚ್ಚು ಸೂಕ್ತವಾದುದು.