ಬಣ್ಣಕ್ಕೆ ಹದ ಕೊಟ್ಟ ಪೇಟೆಂಟ್

ರೋಲರ್ ಓಡಿಸುವಾಗ ಬಣ್ಣ ನೆಲಕ್ಕೂ ಮೈಗೂ ಸಿಡಿದರೆ ಬೈಗುಳ ತಿನ್ನುವವನು ಪೇಂಟರ್. ಎಷ್ಟೋ ಸಲ ತಪ್ಪು ಅವನದಲ್ಲ, ಡಬ್ಬಿಯೊಳಗೆ ಬಣ್ಣವನ್ನು ಮಂದವಾಗಿಸಲು ಬೆರೆಸಿದ ವಸ್ತುವಿನದು. ಅದರ ಪ್ರಮಾಣ ತೀರಾ ಕಡಿಮೆ, ಡಬ್ಬಿಯ ಮೇಲೆ ಹೆಸರೂ ಇರುವುದಿಲ್ಲ. ಈ ಅನಾಮಿಕ ಸರಕಿನ ಇತಿಹಾಸದಲ್ಲಿ ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿಯ ಪೇಟೆಂಟ್‌ಗಳಿಗೆ ದೊಡ್ಡ ಜಾಗವಿದೆ.

ಕಂಪನಿ ಹುಟ್ಟಿದ್ದು 1907ರಲ್ಲಿ, ಜರ್ಮನಿಯಲ್ಲಿ. ಮೊದಲ ಕಸುಬು ಚರ್ಮಕ್ಕೆ ಸಂಬಂಧಿಸಿದ್ದು: ತೊಗಲು ಮೆದುವಾಗಿಸಲು ಆಗ ಬಳಸುತ್ತಿದ್ದ ನಾಯಿಯ ಮಲಕ್ಕೆ ಬದಲಾಗಿ ಕಿಣ್ವ ಮಾರುವುದು. ಪಾಲುದಾರ ಒಟ್ಟೊ ಹಾಸ್ 1909ರಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಅಂಗಡಿ ತೆರೆದ. 1953ರ ಹೊತ್ತಿಗೆ ಅದೇ ಕಂಪನಿ ನೀರಿನ ಬಣ್ಣಗಳಿಗೆ ಅಕ್ರಿಲಿಕ್ ಎಮಲ್ಷನ್ ಮಾರತೊಡಗಿತ್ತು.

ಎಮಲ್ಷನ್ ಸಿಕ್ಕಿತು, ಹದ ಸಿಗಲಿಲ್ಲ. ಮಂದವಾಗಿಸಲು ಇದ್ದದ್ದು ಮರ ಅಥವಾ ಹತ್ತಿಯಿಂದ ತೆಗೆದ ಸೆಲ್ಯುಲೋಸ್. ಅದರ ಉದ್ದುದ್ದ ಸರಪಳಿಗಳು ನೀರಿನಲ್ಲಿ ಸಿಕ್ಕುಗಟ್ಟಿ, ಡಬ್ಬಿಯಲ್ಲಿದ್ದಾಗ ಬಣ್ಣ ಗಟ್ಟಿ. ಬ್ರಷ್ ಎಳೆದೊಡನೆ ಸಿಕ್ಕು ಬಿಟ್ಟು ಬಣ್ಣ ವಿಪರೀತ ತೆಳು. ಪದರ ಸಾಲದೆ ಹಳೆಯ ಗೋಡೆ ಇಣುಕುತ್ತದೆ. ಬ್ರಷ್ ಎತ್ತಿದರೆ ತಕ್ಷಣ ಮತ್ತೆ ಗಟ್ಟಿ, ಗೆರೆಗಳು ಹಾಗೇ ಉಳಿಯುತ್ತವೆ. ರೋಲರ್‌ನಲ್ಲಿ ಎಳೆ ಎಳೆಯಾಗಿ ಜಗ್ಗಿ ತುಂಡಾದಾಗ ಸಿಡಿತ. ಸಾಲದ್ದಕ್ಕೆ ಬ್ಯಾಕ್ಟೀರಿಯಾಗಳಿಗೂ ಅದು ಇಷ್ಟ.

ಎಮನ್ಸ್ ಮತ್ತು ಸ್ಟೀವನ್ಸ್ ಹೆಸರಿನಲ್ಲಿ 1978ರಲ್ಲಿ ಮಂಜೂರಾದ ಕಂಪನಿಯ ಪೇಟೆಂಟ್ ಬೇರೆಯೇ ದಾರಿ ಹಿಡಿಯಿತು. ನೀರಿಗೆ ಒಗ್ಗುವ ಪಾಲಿಈಥರ್ ಸರಪಳಿ. ಐಸೊಸಯನೇಟ್ ನೆರವಿನಿಂದ ಅದರ ಎರಡೂ ತುದಿಗೆ ನೀರೆಂದರೆ ದೂರ ಸರಿಯುವ ತುಣುಕುಗಳು. ಆ ತುದಿಗಳು ಎಮಲ್ಷನ್ನಿನ ಕಣಗಳಿಗೆ ಅಂಟುತ್ತವೆ, ಒಂದನ್ನೊಂದು ಹುಡುಕಿಕೊಂಡು ಗುಂಪಾಗುತ್ತವೆ, ಬಿಟ್ಟು ಮತ್ತೆ ಕೂಡುತ್ತವೆ. ಬ್ರಷ್‌ನ ವೇಗದಲ್ಲೂ ಬಣ್ಣಕ್ಕೆ ಸಾಕಷ್ಟು ಮಂದ ಉಳಿಯುತ್ತದೆ, ಆಮೇಲೆ ನಿಧಾನವಾಗಿ ಸಮತಟ್ಟಾಗುತ್ತದೆ. ಅಣು ಚಿಕ್ಕದಾದ್ದರಿಂದ ಎಳೆ ಜಗ್ಗುವುದಿಲ್ಲ.

ಪೇಟೆಂಟ್ ಪತ್ರಗಳಂಥ ಬೇಸರದ ಗದ್ಯ ಇನ್ನೊಂದಿಲ್ಲ: ಕೋಷ್ಟಕದ ಮೇಲೆ ಕೋಷ್ಟಕ. ಆದರೆ ಕಸುಬು ಬಲ್ಲ ಇನ್ನೊಬ್ಬ ಅದನ್ನೋದಿ ಮಾಡಿ ನೋಡುವಂತೆ ಬರೆದಿರಲೇಬೇಕು ಎನ್ನುತ್ತದೆ ಕಾನೂನು. ಅದಕ್ಕೆ ಪ್ರತಿಫಲವಾಗಿ ಆಗ ಅಮೆರಿಕದಲ್ಲಿ ಸಿಗುತ್ತಿದ್ದದ್ದು ಮಂಜೂರಾತಿಯಿಂದ 17 ವರ್ಷಗಳ ಏಕಸ್ವಾಮ್ಯ. ಗುಟ್ಟು ಮುಚ್ಚಿಟ್ಟ ಕಂಪನಿಗಿಂತ ಬರೆದಿಟ್ಟ ಕಂಪನಿಯಿಂದಲೇ ಕಸುಬಿಗೆ ಲಾಭ ಹೆಚ್ಚು ಎಂದು ನನಗನ್ನಿಸುತ್ತದೆ. ಈ ಬಗೆಯ ಮಂದಕಾರಿಗಳನ್ನು ಇಂದು ಹಲವರು ತಯಾರಿಸುತ್ತಾರೆ.

ಕೊರತೆಯೂ ಇದೆ. ಅಂಗಡಿಯಲ್ಲಿ ಗಾಢ ವರ್ಣಕ್ಕಾಗಿ ಟಿಂಟರ್ ಸುರಿದಾಗ, ಅದರಲ್ಲಿನ ಸಾಬೂನಿನಂಥ ವಸ್ತುಗಳು ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರಂತೆ ಕಣಗಳ ಮೇಲಿನ ಜಾಗ ಆಕ್ರಮಿಸುತ್ತವೆ. ಕೊಂಡಿ ಕಳಚಿ ಬಣ್ಣ ನೀರಾಗಬಹುದು. ಹಾಗಾಗಿ ಎಷ್ಟೋ ತಯಾರಕರು ಹಳೆಯ ಸೆಲ್ಯುಲೋಸನ್ನು ಪೂರ್ತಿ ಬಿಟ್ಟಿಲ್ಲ.

2009ರಲ್ಲಿ ಡೌ ಕೆಮಿಕಲ್ ಈ ಕಂಪನಿಯನ್ನು ಕೊಂಡಿತು. ಪೇಟೆಂಟ್ ಸಾಲು ನಿಲ್ಲಲಿಲ್ಲ. ಮಂದಕಾರಿಯೇ ವಿಪರೀತ ಮಂದವಾಗಿ, ಪೀಪಾಯಿಯಿಂದ ಸುರಿಯಲು ಅದಕ್ಕೆ ದ್ರಾವಕ ಬೆರೆಸಬೇಕಾಗುತ್ತಿತ್ತು. ಹೊಸ ಬಗೆಯಲ್ಲಿ ತುದಿಗಳಿಗೆ ಅಮೀನ್ ಜೋಡಿಸಿದರು: ಆಮ್ಲದಲ್ಲಿ ಅದು ತೆಳ್ಳಗೆ ಹರಿಯುತ್ತದೆ, ಕ್ಷಾರೀಯ ಬಣ್ಣಕ್ಕೆ ಬಿದ್ದಮೇಲಷ್ಟೇ ಮಂದವಾಗಿಸುವ ಕೆಲಸ ಶುರುಮಾಡುತ್ತದೆ.