ಮೊದಲು ಬೀಳುವುದನ್ನು ಕಲಿಯಿರಿ

ಜೂಡೊ ಕಲಿಯಲು ಬಂದ ಹೊಸಬರನ್ನು ಒಳ್ಳೆಯ ಗುರು ಮೊದಲು ಕುಕ್ಕರಗಾಲಿನಲ್ಲಿ ಕೂರಿಸುತ್ತಾರೆ. ಗದ್ದ ಎದೆಗೆ ಒತ್ತಿರಬೇಕು, ಕಣ್ಣು ಸೊಂಟದ ಬೆಲ್ಟಿನ ಗಂಟಿನ ಮೇಲಿರಬೇಕು. ಹಾಗೇ ಹಿಂದಕ್ಕೆ ಉರುಳಿ, ಬೆನ್ನು ನೆಲಕ್ಕೆ ತಾಗುವ ಹೊತ್ತಿಗೆ ಎರಡೂ ತೋಳು ಚಾಚಿ ಅಂಗೈಯಿಂದ ಚಾಪೆಯನ್ನು ಬಡಿಯಬೇಕು. ಇದೇ ‘ಉಕೆಮಿ’, ಬೀಳುವ ವಿದ್ಯೆ. ಕೂತು ಬಿದ್ದದ್ದಾದ ಮೇಲೆ ನಿಂತು ಬೀಳಬೇಕು. ಆಮೇಲೆ ಪಕ್ಕಕ್ಕೆ, ಮುಂದಕ್ಕೆ, ಕೊನೆಗೆ ಭುಜದ ಮೇಲೆ ಉರುಳಿ. ವಾರಗಟ್ಟಲೆ ಇದೇ ಪಾಠ. ಮಕ್ಕಳಿಗೆ ಬೇಸರವಾಗುತ್ತದೆ, ನಿಜ. ಆದರೂ ಇಲ್ಲಿ ಅವಸರ ಕೂಡದು.

ಬೀಳುವಾಗ ಕೈ ಊರುವುದು ಮನುಷ್ಯನ ಹುಟ್ಟುಗುಣ. ಮೈಭಾರವೆಲ್ಲ ಒಂದು ಮಣಿಕಟ್ಟಿನ ಮೇಲೆ ಬಿದ್ದು ಮೂಳೆ ಮುರಿಯುವುದು, ಮೊಣಕೈ ಕೀಲು ತಪ್ಪುವುದು ಹೀಗೆಯೇ. ಚಾಪೆ ಬಡಿಯುವ ಅಭ್ಯಾಸ ಆ ಗುಣವನ್ನು ಮರೆಸುತ್ತದೆ. ಪೆಟ್ಟು ತೋಳು, ಬೆನ್ನುಗಳಿಗೆ ಹಂಚಿಹೋಗುತ್ತದೆ. ಗದ್ದ ಒತ್ತಿ ಹಿಡಿಯುವುದು ಮಾತ್ರ ತಲೆಯನ್ನು ಕಾಯಲು. ಎಲ್ಲಕ್ಕಿಂತ ಮುಖ್ಯವಾದದ್ದು ಅದು.

ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಏಶೋಜಿ ದೇವಾಲಯದಲ್ಲಿ, ಹನ್ನೆರಡು ಚಾಪೆ ಹಿಡಿಸುವಷ್ಟು ಜಾಗದಲ್ಲಿ ಕೊಡೊಕಾನ್ ಶಾಲೆ ತೆರೆದರು. ಹಳೆಯ ಜುಜುತ್ಸುವಿನ ಅಪಾಯದ ಹೊಡೆತಗಳನ್ನು ಅವರು ಜೋಡಿ ಅಭ್ಯಾಸದಿಂದ ಹೊರಗಿಟ್ಟರು. ಅಂಥ ಜೂಡೊ ಹುಟ್ಟಿದ ನಾಡಿನಲ್ಲೇ, 1983ರಿಂದ ಸುಮಾರು ಮೂರು ದಶಕಗಳಲ್ಲಿ, ಶಾಲೆಗಳಲ್ಲಿ ಜೂಡೊ ಕಲಿಯುತ್ತಿದ್ದ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಬಹುಪಾಲು ತಲೆಯ ಪೆಟ್ಟಿನಿಂದ. ಅವರಲ್ಲಿ ಆಗಷ್ಟೇ ಸೇರಿದ ಮೊದಲ ವರ್ಷದವರೇ ಹೆಚ್ಚು. ಎದುರಾಳಿಯ ಕಾಲನ್ನು ಹಿಂದಿನಿಂದ ಕೊಯ್ದು ನೇರ ಬೆನ್ನ ಮೇಲೆ ಕೆಡವುವ ‘ಓಸೊತೊಗಾರಿ’ ಪಟ್ಟು ಹೊಸಬರಿಗೆ ವಿಶೇಷ ಅಪಾಯದ್ದೆಂದು ಆ ಸಾವುಗಳು ಕಲಿಸಿದವು. ಅದು ನೋಡಲು ಸುಲಭದ ಪಟ್ಟು. ಅದಕ್ಕೇ ಬೇಗ ಹೇಳಿಕೊಡುವ ಆಸೆಯಾಗುತ್ತದೆ. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ದನಿ ಎತ್ತಿದವು. 2012ರಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಸಮರಕಲೆ ಕಡ್ಡಾಯವಾದಾಗ ಈ ಚರ್ಚೆ ದೇಶದ ತುಂಬ ನಡೆಯಿತು.

ತಲೆ ನೆಲಕ್ಕೆ ಬಡಿಯಲೇಬೇಕೆಂದೂ ಇಲ್ಲ. ಕತ್ತು ಜೋರಾಗಿ ಜಗ್ಗಿ ತಲೆ ತಿರುಗಿದರೆ ಮಿದುಳಿನ ಮೇಲಿನ ಸಣ್ಣ ರಕ್ತನಾಳ ಹರಿದು ಒಳಗೇ ರಕ್ತ ಸೋರಬಹುದು.

ಕಾಪಾಡುವ ಹೊಣೆ ಬೀಳುವವನೊಬ್ಬನದೇ ಅಲ್ಲ. ಕೆಡವಿದವನು ಎದುರಾಳಿಯ ತೋಳನ್ನು ಕಡೆಯವರೆಗೂ ಬಿಡಬಾರದು. ಕೊನೆಯ ಗಳಿಗೆಯಲ್ಲಿ ಅದನ್ನು ಮೇಲಕ್ಕೆ ಎಳೆದರೆ ಬಿದ್ದವನ ತಲೆ ನೆಲ ಮುಟ್ಟುವುದಿಲ್ಲ. ಹಿಡಿತದಲ್ಲಿ ಸಿಕ್ಕವನು ಎರಡು ಸಲ ತಟ್ಟಿದನೆಂದರೆ ಆ ಕ್ಷಣವೇ ಬಿಡಬೇಕು. ತಟ್ಟುವುದು ಸೋಲೊಪ್ಪುವ ನಾಚಿಕೆಯೆಂದು ಮಕ್ಕಳಿಗೆ ಅನ್ನಿಸದಂತೆ ನೋಡಿಕೊಳ್ಳುವ ಗುರುವನ್ನು ನಾನು ಪದಕಗಳ ಗುರುವಿಗಿಂತ ಹೆಚ್ಚು ಗೌರವಿಸುತ್ತೇನೆ.

ನಮ್ಮಲ್ಲಿ ಬೆಳಗಾವಿಗೆ ಜೂಡೊ ನಂಟು ಗಟ್ಟಿಯಾಗಿದೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಎಂಬ ಕುಸ್ತಿಯಲ್ಲಿ ಕಂಚು ಗೆದ್ದ ಮಲಪ್ರಭಾ ಜಾಧವ್ ಅಲ್ಲಿ ಜೂಡೊ ಕಲಿತು ಬೆಳೆದವರು. ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲೂ ಜೂಡೊ ತರಬೇತಿಯಿದೆ. ಬೇಸಿಗೆ ಶಿಬಿರ, ಅಪಾರ್ಟ್‌ಮೆಂಟ್ ಹಾಲ್‌ಗಳಲ್ಲಿ ನಡೆಯುವ ಸಮರಕಲೆ ತರಗತಿಗಳಂತೂ ಈಗ ಊರೂರಿಗೂ ಬಂದಿವೆ. ಮಗುವನ್ನು ಸೇರಿಸುವ ಮೊದಲು ಒಂದು ಸಂಜೆ ಸುಮ್ಮನೆ ಕೂತು ನೋಡಿ. ಚಾಪೆಗಳ ನಡುವೆ ಕಾಲ್ಬೆರಳು ಸಿಕ್ಕುವ ಸಂದಿಗಳಿವೆಯೇ? ಹೊಸ ಹುಡುಗಿಯನ್ನು ಅವಳಿಗಿಂತ ಬಹಳ ತೂಕದವರ ಜೊತೆ ಬಿಡುತ್ತಾರೆಯೇ? ಮೊದಲ ವಾರವೇ ಎತ್ತಿ ಒಗೆಯುವ ಆಟವೇ? ಹಾಗಿದ್ದರೆ ಬೇರೆ ತರಗತಿ ಹುಡುಕಿ.

ಸೇರಿಸಿದ ಮೇಲೂ ಒಂದು ಎಚ್ಚರ ಬೇಕು. ತಲೆಗೆ ಪೆಟ್ಟಾದ ಮಗು ‘ಏನಾಗಿಲ್ಲ’ ಎಂದರೂ ಅಂದಿನ ಅಭ್ಯಾಸ ಅಲ್ಲಿಗೆ ನಿಲ್ಲಬೇಕು. ತಲೆನೋವು ಏರುತ್ತಿದ್ದರೆ, ವಾಂತಿ, ಮಂಪರು, ತೊದಲು ಕಂಡರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಒಪ್ಪುವವರೆಗೆ ಚಾಪೆಗೆ ಕಳಿಸಬೇಡಿ.